ಅದುರುವ ಬೆರಳು, ಹಿಡಿಯುವ ಕಾಲು: ಕೀಮೋ ದಿನಗಳಲ್ಲಿ ಮನೆಯವರು ಅರಿತಿರಬೇಕಾದುದು

ಬಲಗಣ್ಣು ಅದುರಿದರೆ ಒಂದು ಫಲ, ಎಡಗಣ್ಣು ಅದುರಿದರೆ ಇನ್ನೊಂದು ಫಲವೆಂದು ಶಕುನ ನೋಡುವ ರೂಢಿ ಕಾಸರಗೋಡಿನ ಮನೆಗಳಿಂದ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಆರೋಗ್ಯವಂತರ ಕಣ್ಣೆವೆ ಒಂದೆರಡು ದಿನ ಅದುರಿ ತಾನಾಗಿಯೇ ನಿಲ್ಲುವುದರಿಂದ ಆ ಶಕುನದಿಂದ ಯಾರಿಗೂ ಹೆಚ್ಚಿನ ಹಾನಿಯಿಲ್ಲ. ಆದರೆ ಅರ್ಬುದ ರೋಗಕ್ಕೆ ಕೀಮೋಥೆರಪಿ ಪಡೆಯುತ್ತಿರುವವರ ಸ್ನಾಯು ಅದುರಿದಾಗ, ನಡುರಾತ್ರಿ ಮೀನಖಂಡ ಕಲ್ಲಿನಂತೆ ಗಟ್ಟಿಯಾದಾಗ, ಅದನ್ನು ಶಕುನಕ್ಕೋ ಹಣೆಬರಹಕ್ಕೋ ಬಿಟ್ಟು ಸುಮ್ಮನಿರುವುದು ಸಲ್ಲದು. ಅದಕ್ಕೆ ಬಹುಪಾಲು ಕಾರಣವಿರುತ್ತದೆ. ಅನೇಕ ಸಲ ಪರಿಹಾರವೂ ಇರುತ್ತದೆ. ಪರಿಹಾರ ದೊರೆಯಬೇಕಾದರೆ ಮೊದಲು ಅದು ವೈದ್ಯರ ಕಿವಿಗೆ ಬೀಳಬೇಕು.

ಕುಂಬಳೆಯ ಕಡೆಯ ಒಂದು ಮನೆಯ ಸಂಗತಿಯನ್ನು ಇಲ್ಲಿ ನೋಡಬಹುದು. ತಾಯಿ ಬೀಡಿ ಕಟ್ಟುವವರು, ಮಗಳು ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ತಾಯಿಯ ದೊಡ್ಡಕರುಳಿನಲ್ಲಿ ಗಡ್ಡೆ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಎರಡು ವಾರಕ್ಕೊಮ್ಮೆ ಕೀಮೋ ಆರಂಭವಾಯಿತು. ಕೊಡುತ್ತಿದ್ದ ಔಷಧಗಳಲ್ಲಿ ಆಕ್ಸಾಲಿಪ್ಲಾಟಿನ್ ಎಂಬುದೂ ಒಂದು. ಎರಡನೆಯ ಸುತ್ತು ಮುಗಿಸಿ ಬಂದ ಮರುದಿನ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒದ್ದೆ ಬೀಡಿ ಎಲೆಯನ್ನು ಕೈಗೆತ್ತಿಕೊಂಡೊಡನೆ ಅವರ ಬೆರಳುಗಳು ಮಡಚಿಕೊಂಡವು. ಬಿಡಿಸಲು ಇನ್ನೊಂದು ಕೈಯ ನೆರವು ಬೇಕಾಯಿತು. ಅಂದು ರಾತ್ರಿ ಕಾಲು ಹಿಡಿದು ಎಚ್ಚರವಾಯಿತು. ದೀಪ ಹಚ್ಚಿದ ಮಗಳಿಗೆ, ತಾಯಿಯ ತೊಡೆಯ ಚರ್ಮದಡಿಯಲ್ಲಿ ಏನೋ ಹರಿದಾಡಿದಂತೆ ಸ್ನಾಯು ಅದುರುತ್ತಿದ್ದುದು ಕಾಣಿಸಿತು.

"ಡಾಕ್ಟ್ರಲ್ಲಿ ಹೇಳಬೇಡ ಮಗಾ. ಮದ್ದು ನಿಲ್ಲಿಸಿದರೆ ಏನು ಮಾಡುವುದು?" ಎಂದರು ತಾಯಿ.

ಈ ಒಂದು ಮಾತಿನಲ್ಲಿ ಎರಡು ಭಯಗಳು ಅಡಗಿವೆ. ಚಿಕಿತ್ಸೆ ನಿಂತರೆ ರೋಗ ಮರಳೀತೆಂಬುದು ಒಂದು. ಚಿಕಿತ್ಸೆ ಮುಂದುವರಿದರೆ, ಸಾವಿರ ಬೀಡಿಗೆ ಇಷ್ಟೆಂದು ಕೂಲಿ ತರುವ ಬೆರಳು ಕೆಟ್ಟೀತೆಂಬುದು ಇನ್ನೊಂದು. ಎರಡನ್ನೂ ನುಂಗಿಕೊಂಡು ಸುಮ್ಮನಿರುವವರು ಅನೇಕರು. ವಾಸ್ತವದಲ್ಲಿ ವೈದ್ಯರ ಮುಂದೆ ಮುಂದುವರಿಸುವುದು, ನಿಲ್ಲಿಸುವುದು ಎಂಬ ಎರಡೇ ದಾರಿಗಳಿರುವುದಿಲ್ಲ. ಔಷಧವನ್ನು ಹೆಚ್ಚು ಹೊತ್ತು ನಿಧಾನವಾಗಿ ಹರಿಸುವುದು, ಪ್ರಮಾಣ ತಗ್ಗಿಸುವುದು, ಒಂದು ಸುತ್ತನ್ನು ಕೆಲ ದಿನ ಮುಂದೂಡುವುದು, ತೊಂದರೆ ಕೊಡುತ್ತಿರುವ ಒಂದು ಔಷಧವನ್ನು ಮಾತ್ರ ಬಿಟ್ಟು ಉಳಿದುದನ್ನು ಮುಂದುವರಿಸುವುದು, ರಕ್ತದಲ್ಲಿ ಕಡಿಮೆಯಾದ ಲವಣವನ್ನು ತುಂಬಿಸುವುದು, ಹೀಗೆ ಹಲವು ಉಪಾಯಗಳಿವೆ. ಹೇಳದೆ ಉಳಿದ ನೋವಿಗೆ ಇವುಗಳಲ್ಲಿ ಒಂದೂ ದೊರೆಯುವುದಿಲ್ಲ.

ಏಕೆ ಹೀಗಾಗುತ್ತದೆ?

ಸ್ನಾಯು ತಾನಾಗಿ ಬಿಗಿಯುವುದಿಲ್ಲ. ನರದ ಆಜ್ಞೆಯಂತೆ ಬಿಗಿದು, ಆಜ್ಞೆ ನಿಂತಾಗ ಸಡಿಲುತ್ತದೆ. ಆ ಆಜ್ಞೆಯು ನರದುದ್ದಕ್ಕೂ ಸೂಕ್ಷ್ಮ ವಿದ್ಯುತ್ ಸಂಚಾರವಾಗಿ ಸಾಗುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಲವಣಾಂಶಗಳು ತಕ್ಕ ಪ್ರಮಾಣದಲ್ಲಿದ್ದರೆ ಮಾತ್ರ ಈ ಸಂಚಾರ ಹದದಲ್ಲಿರುತ್ತದೆ. ನರಕ್ಕೆ ಪೆಟ್ಟಾದರೂ, ಲವಣದ ಹದ ತಪ್ಪಿದರೂ, ಕೇಳದ ಆಜ್ಞೆಗಳು ಹುಟ್ಟಿ ಸ್ನಾಯು ಅದುರುತ್ತದೆ ಅಥವಾ ಹಿಡಿದುಕೊಳ್ಳುತ್ತದೆ.

ಆಕ್ಸಾಲಿಪ್ಲಾಟಿನ್ ನರವನ್ನು ಕೆಲ ದಿನಗಳ ಮಟ್ಟಿಗೆ ಅತಿಯಾಗಿ ಕೆರಳಿಸುತ್ತದೆ. ಔಷಧ ಕೊಟ್ಟ ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಕೈಕಾಲು, ತುಟಿಯ ಸುತ್ತ ಜುಮುಗುಟ್ಟುವುದು, ದವಡೆ ಬಿಗಿಯುವುದು, ಬೆರಳು ಮಡಚಿಕೊಳ್ಳುವುದು, ಸ್ನಾಯು ಅದುರುವುದು ಇದರ ಲಕ್ಷಣಗಳು. ತಂಪು ತಗುಲಿದರೆ ಇವೆಲ್ಲವೂ ಹೆಚ್ಚುತ್ತವೆ. ಒದ್ದೆ ಬೀಡಿ ಎಲೆ ಆ ತಾಯಿಯ ಬೆರಳನ್ನು ಹಿಡಿಸಿದ್ದು ಇದೇ ಕಾರಣದಿಂದ. ಈ ತೊಂದರೆ ಸಾಮಾನ್ಯವಾಗಿ ಕೆಲ ದಿನಗಳಲ್ಲಿ ಇಳಿದು, ಮುಂದಿನ ಸುತ್ತಿನಲ್ಲಿ ಮರಳಿ ಬರುತ್ತದೆ. ಸುತ್ತುಗಳು ಹೆಚ್ಚಿದಂತೆ ಇನ್ನೊಂದು ಬಗೆಯ ತೊಂದರೆ ನೆಲೆಯೂರಬಹುದು: ಬೆರಳ ತುದಿ, ಅಂಗಾಲು ಮರಗಟ್ಟುವುದು. ಚಿಕಿತ್ಸೆ ಮುಗಿದ ಮೇಲೂ ಕೆಲವು ತಿಂಗಳು ಇದು ಹೆಚ್ಚುತ್ತಿರಬಹುದು. ಬಳಿಕ ಹೆಚ್ಚಿನವರಲ್ಲಿ ನಿಧಾನವಾಗಿ ತಗ್ಗುತ್ತದೆ, ಕೆಲವರಲ್ಲಿ ಸ್ವಲ್ಪ ಉಳಿದುಬಿಡುತ್ತದೆ.

ಅದೇ ಪ್ಲಾಟಿನಂ ಕುಲದ ಸಿಸ್‌ಪ್ಲಾಟಿನ್ ಕೆಲಸ ಮಾಡುವ ಬಗೆ ಬೇರೆ. ಅದು ಮೂತ್ರಪಿಂಡಗಳ ಮೂಲಕ ಮೆಗ್ನೀಸಿಯಂ ಪೋಲಾಗುವಂತೆ ಮಾಡುತ್ತದೆ. ಮೆಗ್ನೀಸಿಯಂ ತೀರ ಇಳಿದರೆ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಕೂಡ ಇಳಿಯುತ್ತವೆ. ಆಗ ಅದುರು, ಸೆಳೆತ, ಎದೆಬಡಿತದ ಏರುಪೇರು ಕಾಣಿಸಿಕೊಳ್ಳುತ್ತವೆ. ನಿತ್ಯಪುಷ್ಪದ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್ ಎಂಬ ಔಷಧ ಕಾಲಿನ ಸೆಳೆತ, ದವಡೆ ನೋವು, ಮಲಬದ್ಧತೆಗಳನ್ನು ತರಬಹುದು. ಅಂಗಳದಲ್ಲಿ ಹೂ ಬಿಡುವ ಆ ಗಿಡದ ಎಲೆಯನ್ನು ಮನೆಯಲ್ಲಿ ಅರೆದು ಕುಡಿಯುವುದು ಅಪಾಯಕಾರಿ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಯೂ ಎಂಬ ಮರದ ತೊಗಟೆಯಲ್ಲಿ ಮೊದಲು ಪತ್ತೆಯಾದ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟ ಎರಡು ಮೂರು ದಿನಗಳಲ್ಲಿ ಮೈಕೈ, ಸಂದುಗಳಲ್ಲಿ ನೋವು ಬಂದು, ಸಾಮಾನ್ಯವಾಗಿ ವಾರದೊಳಗೆ ತಗ್ಗುತ್ತದೆ. ಒಂದು ಬಗೆಯ ರಕ್ತದ ಅರ್ಬುದಕ್ಕೆ ನಿತ್ಯವೂ ನುಂಗುವ ಇಮ್ಯಾಟಿನಿಬ್ ಮಾತ್ರೆಯಿಂದ ಕೈಕಾಲು ಸೆಳೆತ ಬರುವುದು ಸಾಮಾನ್ಯ.

ಅರ್ಬುದದ ಮದ್ದೇ ಎಲ್ಲ ಸಲವೂ ಕಾರಣವಲ್ಲ. ವಾಂತಿಭೇದಿಯಿಂದ ನೀರು, ಲವಣ ಹೋದರೆ ಕಾಲು ಹಿಡಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ, ಕೊಲೆಸ್ಟರಾಲ್ ಮಾತ್ರೆಗಳೂ ಕಾರಣವಾಗಬಲ್ಲವು. ವಾಂತಿ ತಡೆಯಲು ಕೊಡುವ ಮೆಟೊಕ್ಲೊಪ್ರಮೈಡ್ ಕೆಲವರಲ್ಲಿ, ಅದರಲ್ಲಿಯೂ ಎಳೆಯ ವಯಸ್ಸಿನವರಲ್ಲಿ, ಕತ್ತು ಒಂದು ಕಡೆಗೆ ತಿರುಚಿಕೊಳ್ಳುವಂತೆ, ಕಣ್ಣಾಲಿ ಮೇಲೆ ಸಿಕ್ಕಿಕೊಳ್ಳುವಂತೆ ಮಾಡುವುದುಂಟು. ನೋಡಲು ಭಯಂಕರವಾದರೂ ಇದಕ್ಕೆ ಮದ್ದಿದೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆದ್ದರಿಂದ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸುವುದು ಒಳ್ಳೆಯ ಅಭ್ಯಾಸ.

ಹೇಳುವ ಮಾತು ಸ್ಪಷ್ಟವಿರಲಿ

ಕಾಸರಗೋಡಿನ ಬಹಳಷ್ಟು ಮನೆಗಳಲ್ಲಿ ಒಳಗೆ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷು. ಚಿಕಿತ್ಸೆಗಾಗಿ ಕೆಲವರು ಮಂಗಳೂರಿಗೆ, ಕೆಲವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ, ಇನ್ನು ಕೆಲವರು ದೂರದ ತಿರುವನಂತಪುರಕ್ಕೆ ಹೋಗುತ್ತಾರೆ. ಈ ನಾಲ್ಕು ನುಡಿಗಳ ನಡುವೆ ನೋವಿನ ವಿವರ ಕಳೆದುಹೋಗುವುದು ಸುಲಭ. "ಕಾಲು ನೋವು" ಎಂಬ ಎರಡೇ ಮಾತು ಹೇಳಿದರೆ ನೋವಿನ ಮಾತ್ರೆಯೊಂದು ದೊರೆತೀತು. ಕಾರಣ ಮಾತ್ರ ಹಾಗೆಯೇ ಉಳಿದೀತು.

ಕನ್ನಡದಲ್ಲಿ ಇದಕ್ಕೆ ಬೇಕಾದ ಮಾತುಗಳಿಗೆ ಬಡತನವಿಲ್ಲ. ನೋವಿಲ್ಲದೆ ಸ್ನಾಯು ಮಿಡಿಯುವುದು ಅದುರು. ಸ್ನಾಯು ಗಟ್ಟಿಯಾಗಿ ನೋಯುವುದು ಸೆಳೆತ, ಹಿಡಿತ. ಇರುವೆ ಹರಿದಂತಾಗುವುದು ಜುಮುಗುಡುವಿಕೆ, ಜೋಮು. ಮುಟ್ಟಿದ್ದು ತಿಳಿಯದಿರುವುದು ಮರಗಟ್ಟುವಿಕೆ. ಇವಲ್ಲದೆ ಉರಿಯುಂಟು, ಚುಚ್ಚುವಿಕೆಯುಂಟು, ಬಲಗುಂದುವಿಕೆಯುಂಟು. ವೈದ್ಯರಿಗೆ ಇವು ಒಂದೊಂದೂ ಬೇರೆ ಬೇರೆ ಸುಳಿವು. ಮಲಯಾಳದಲ್ಲಿ ಹೇಳಬೇಕಾಗಿ ಬಂದರೆ ಅದುರುವಿಕೆಗೆ ‘ತುಡಿಪ್ಪ್’, ಹಿಡಿತಕ್ಕೆ ‘ಕೋಚ್ಚಿಪ್ಪಿಡುತ್ತಂ’, ಜುಮುಗುಡುವುದಕ್ಕೆ ‘ತರಿಪ್ಪ್’, ಮರಗಟ್ಟುವುದಕ್ಕೆ ‘ಮರವಿಪ್ಪ್’ ಎಂದರೆ ಸಾಕು.

ಆ ಒಂಬತ್ತನೆಯ ತರಗತಿಯ ಹುಡುಗಿ ಮಾಡಿದ ಕೆಲಸ ಇದೇ. ವಿಜ್ಞಾನದ ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ಗೆರೆ ಹಾಕಿ, ಕೀಮೋ ಕೊಟ್ಟ ಎಷ್ಟನೆಯ ದಿನ, ಯಾವ ಹೊತ್ತು, ಯಾವ ಅಂಗ, ಮೇಲಿನ ಮಾತುಗಳಲ್ಲಿ ಯಾವುದು, ಎಷ್ಟು ನಿಮಿಷ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದರು, ಏನು ಮಾಡಿದಾಗ ಇಳಿಯಿತು ಎಂದು ಬರೆದಿಟ್ಟಳು. ಇನ್ನೆರಡು ಸಾಲು ಆಕೆ ಸೇರಿಸಿದ್ದು ಬಹಳ ಉಪಯೋಗಕ್ಕೆ ಬಂದಿತು: ಅಂದು ಎಷ್ಟು ಸಲ ಭೇದಿಯಾಯಿತು, ಮತ್ತು ರವಿಕೆಯ ಗುಂಡಿ ಹಾಕುವುದು, ಬೀಡಿಗೆ ನೂಲು ಸುತ್ತುವುದು ಇವುಗಳಲ್ಲಿ ಯಾವುದು ಸಾಧ್ಯವಾಯಿತು. ಬೆರಳಿನ ನರಕ್ಕೆ ಎಷ್ಟು ಪೆಟ್ಟಾಗಿದೆಯೆಂದು ಅಳೆಯಲು ವೈದ್ಯರು ಕೇಳುವ ಪ್ರಶ್ನೆಯೂ ಇಂಥದೇ. ದಿನನಿತ್ಯದ ಯಾವ ಕೆಲಸಕ್ಕೆ ಅಡ್ಡಿಯಾಗಿದೆ ಎಂಬುದರ ಮೇಲೆ ಅವರು ಮುಂದಿನ ಪ್ರಮಾಣವನ್ನು ನಿರ್ಧರಿಸುತ್ತಾರೆ.

ಮನೆಯಲ್ಲಿ ಮಾಡಬಹುದಾದುದು

ಮೀನಖಂಡ ಹಿಡಿದಾಗ ಮೊಣಕಾಲನ್ನು ನೇರವಾಗಿ ಚಾಚಿ, ಪಾದದ ಬೆರಳುಗಳನ್ನು ಮುಖದ ಕಡೆಗೆ ಮೆಲ್ಲನೆ ಎಳೆದು ಅರ್ಧ ನಿಮಿಷ ಹಿಡಿದಿರಬೇಕು. ಕೈಗೆ ಎಟುಕದಿದ್ದರೆ ಬೈರಾಸನ್ನು ಅಂಗಾಲಿಗೆ ಸುತ್ತಿ ಎರಡೂ ತುದಿ ಹಿಡಿದು ಎಳೆಯಬಹುದು. ಎದ್ದು ನಿಲ್ಲಲು ಸಾಧ್ಯವಾದರೆ ಗೋಡೆ ಹಿಡಿದು ಹಿಮ್ಮಡಿಯನ್ನು ನೆಲಕ್ಕೆ ಊರಬೇಕು. ಬಿಗಿ ಸಡಿಲಿದ ಮೇಲೆ ಹಗುರವಾಗಿ ನೀವಿ, ನಾಲ್ಕು ಹೆಜ್ಜೆ ನಡೆದರೆ ಒಳಿತು. ರಾತ್ರಿ ಮಲಗುವ ಮುನ್ನ ಗೋಡೆಗೆ ಕೈಯಾನಿಸಿ ಮೀನಖಂಡವನ್ನು ಮೂರು ನಾಲ್ಕು ಸಲ ಹಿಗ್ಗಿಸುವ ಅಭ್ಯಾಸದಿಂದ ಕೆಲವರಿಗೆ ರಾತ್ರಿಯ ಸೆಳೆತ ತಗ್ಗುತ್ತದೆ. ಹೊದಿಕೆಯನ್ನು ಪಾದದ ಬಳಿ ಬಿಗಿಯಾಗಿ ಸುತ್ತಬಾರದು. ಬೆರಳು ಕೆಳಮುಖವಾಗಿ ಚಾಚಿಕೊಂಡಷ್ಟೂ ಮೀನಖಂಡ ಹಿಡಿಯುವ ಸಂಭವ ಹೆಚ್ಚು.

ಬಿಸಿನೀರಿನ ಚೀಲ ಹಿತವಾದುದು. ಆದರೆ ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ತಿಳಿಯದು. ಆದ್ದರಿಂದ ಬಿಸಿಯ ಹದವನ್ನು ರೋಗಿಯ ಕೈ ಕಾಲಿನಿಂದ ನೋಡದೆ ಮನೆಯ ಬೇರೊಬ್ಬರು ನೋಡಬೇಕು. ಚೀಲವನ್ನು ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು. ಬರಿಗಾಲಲ್ಲಿ ಅಂಗಳ, ತೋಟಕ್ಕೆ ಇಳಿಯಬಾರದು. ದಿನಕ್ಕೊಮ್ಮೆ ಅಂಗಾಲು ನೋಡಿಕೊಳ್ಳಬೇಕು. ಮುಳ್ಳು ಚುಚ್ಚಿದ್ದು ತಿಳಿಯದೆ ಹುಣ್ಣಾದೀತು. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪವಿರಲಿ, ಮಳೆಗಾಲದ ಹಾವಸೆಯ ಮೇಲೆ ಕಾಲಿಡದಿರಲಿ.

ಆಕ್ಸಾಲಿಪ್ಲಾಟಿನ್ ಪಡೆದವರು ಮೊದಲ ಕೆಲ ದಿನ ತಂಪಿನಿಂದ ದೂರವಿರಬೇಕು. ಫ್ರಿಜ್ಜಿನ ನೀರು, ಐಸ್‌ಕ್ರೀಂ ಬೇಡ. ಕುಡಿಯುವ ನೀರು ಉಗುರುಬೆಚ್ಚಗಿರಲಿ. ಫ್ರಿಜ್ಜಿನಿಂದ ವಸ್ತು ತೆಗೆಯುವ, ತಣ್ಣೀರಿನಲ್ಲಿ ಪಾತ್ರೆ ತೊಳೆಯುವ ಕೆಲಸವನ್ನು ಮನೆಯ ಬೇರೆಯವರು ವಹಿಸಿಕೊಳ್ಳಲಿ. ಮುಂಜಾನೆಯ ಚಳಿಗೆ ಕಾಲುಚೀಲ, ಮೂಗುಬಾಯಿಗೆ ಮಫ್ಲರು ಇರಲಿ. ಆಸ್ಪತ್ರೆಯ ಹವಾನಿಯಂತ್ರಿತ ಕೋಣೆಗೆ ಹೋಗುವಾಗ ಒಂದು ಕಂಬಳಿ ಜೊತೆಗಿರಲಿ. ತಣ್ಣಗಿನದನ್ನು ನುಂಗಿದಾಗ ಕೆಲವರಿಗೆ ಗಂಟಲು ಕಟ್ಟಿ ಉಸಿರೇ ನಿಂತಂತೆ ಭಾಸವಾಗುತ್ತದೆ. ನರದ ಕೆರಳುವಿಕೆಯಿಂದ ಬಂದ ಈ ಭಾಸವು ಬೆಚ್ಚನೆಯ ನೀರು ಗುಟುಕರಿಸಿದಾಗ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಔಷಧ ಹರಿಯುತ್ತಿರುವಾಗಲೇ ಉಸಿರು ಕಟ್ಟಿದರೆ, ಮೈಮೇಲೆ ದದ್ದು ಎದ್ದರೆ, ಮುಖ ಬಾತರೆ ಅದು ಅಲರ್ಜಿಯಿರಬಹುದು. ಆ ಕ್ಷಣವೇ ದಾದಿಯರನ್ನು ಕರೆಯಬೇಕು.

ಆಹಾರದ ವಿಷಯದಲ್ಲಿ ಗಂಜಿ, ತಿಳಿಸಾರು, ಮಜ್ಜಿಗೆ, ಹೆಸರುಬೇಳೆ, ಎಳ್ಳು, ರಾಗಿ, ನುಗ್ಗೆಸೊಪ್ಪು, ಬಾಳೆಹಣ್ಣು ಇವೆಲ್ಲ ಒಳ್ಳೆಯವೇ. ಭೇದಿಯಾಗುತ್ತಿದ್ದರೆ ಓ.ಆರ್.ಎಸ್. ಪುಡಿಯ ನೀರು ಮೊದಲ ಆಸರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವುದರಿಂದ ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಹೃದ್ರೋಗವಿರುವವರು ನೀರಿನ ಅಳತೆಯನ್ನೂ ಕೇಳಿ ತಿಳಿಯಬೇಕು. ಸಿಸ್‌ಪ್ಲಾಟಿನ್‌ನಿಂದಾಗಲಿ ತೀವ್ರ ಭೇದಿಯಿಂದಾಗಲಿ ಮೆಗ್ನೀಸಿಯಂ ತೀರ ಇಳಿದಾಗ ಊಟದಿಂದ ಮಾತ್ರ ಅದನ್ನು ಏರಿಸಲಾಗದು. ರಕ್ತಪರೀಕ್ಷೆ ಮಾಡಿ ಮಾತ್ರೆಯಿಂದಲೋ ಡ್ರಿಪ್ಪಿನಿಂದಲೋ ತುಂಬಿಸಬೇಕಾಗುತ್ತದೆ.

ಮಾಡಬಾರದುದು

ಅಂಗಡಿಯಿಂದ ಲವಣದ, ವಿಟಮಿನ್ನಿನ ಮಾತ್ರೆ ತಂದು ತಾವಾಗಿ ನುಂಗಬಾರದು. ಮೂತ್ರಪಿಂಡ ದಣಿದಿದ್ದರೆ ಮೆಗ್ನೀಸಿಯಂ, ಪೊಟ್ಯಾಸಿಯಂ ಹೆಚ್ಚಾಗುವುದೂ ಅಪಾಯವೇ. ಕಾಲು ಸೆಳೆತಕ್ಕೆ ಹಿಂದೆ ಬಳಕೆಯಲ್ಲಿದ್ದ ಕ್ವಿನೈನನ್ನು ರಕ್ತ ಹಾಗೂ ಹೃದಯದ ಮೇಲೆ ಅದರಿಂದಾಗುವ ಗಂಭೀರ ಪರಿಣಾಮಗಳ ಕಾರಣ ಆ ಉದ್ದೇಶಕ್ಕೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ನರಕ್ಕೆ ಬಲ ಕೊಡುತ್ತದೆಂದು ಮಾರುವ ಅಸೆಟೈಲ್-ಎಲ್-ಕಾರ್ನಿಟೀನನ್ನು ಪ್ಯಾಕ್ಲಿಟ್ಯಾಕ್ಸೆಲ್ ಕುಲದ ಔಷಧ ಪಡೆದ ಸ್ತ್ರೀಯರಿಗೆ ಕೊಟ್ಟು ನೋಡಿದಾಗ ನರದ ತೊಂದರೆ ತಗ್ಗುವ ಬದಲು ಹೆಚ್ಚಿತು. ಆಕ್ಸಾಲಿಪ್ಲಾಟಿನ್ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಡ್ರಿಪ್ ಕೊಟ್ಟರೆ ನರ ಉಳಿಯುತ್ತದೆಂಬ ನಂಬಿಕೆ ಬಹಳ ಕಾಲ ಇತ್ತು. 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಕೊರತೆ ಕಂಡುಬಂದಾಗ ತುಂಬಿಸುವುದಕ್ಕೂ ಕೊರತೆಯಿಲ್ಲದೆ ಸುರಿಯುವುದಕ್ಕೂ ವ್ಯತ್ಯಾಸವಿದೆ. ಕೀಮೋದಿಂದಾದ ನರದ ನೋವಿಗೆ ಪ್ರಯೋಗಗಳಲ್ಲಿ ಸ್ವಲ್ಪ ಮಟ್ಟಿಗೆ ಫಲ ತೋರಿದ ಮದ್ದು ಡ್ಯುಲೊಕ್ಸೆಟಿನ್. ಅದು ತಕ್ಕುದೇ ಅಲ್ಲವೇ ಎಂಬುದನ್ನು ವೈದ್ಯರೇ ನೋಡಿ ಹೇಳಬೇಕು. ಕಷಾಯ, ಲೇಹ್ಯ, ಭಸ್ಮಗಳನ್ನು ಕೂಡ ಅವರಿಗೆ ತಿಳಿಸದೆ ಸೇವಿಸಬಾರದು.

ಒಂದೇ ಕಾಲು ಬಾತು, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಅದನ್ನು ಎಣ್ಣೆ ಹಚ್ಚಿ ತಿಕ್ಕಲೇಬಾರದು. ಅರ್ಬುದ ರೋಗಿಗಳಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಆ ಹೆಪ್ಪು ಶ್ವಾಸಕೋಶಕ್ಕೆ ಸರಿದರೆ ಪ್ರಾಣಾಪಾಯ. ಅಂದೇ ಆಸ್ಪತ್ರೆಗೆ ಹೋಗಬೇಕು.

ಹಾಗೆಯೇ ಕೈಬೆರಳು ಸೆಟೆದು ಮತ್ತೆ ಮತ್ತೆ ಹಿಡಿಯುವುದು, ಎದೆಬಡಿತ ತಪ್ಪುವುದು, ಉಸಿರಾಟ ಕಷ್ಟವಾಗುವುದು, ಮಾತು ಗೊಂದಲವಾಗುವುದು, ಫಿಟ್ಸ್ ಬರುವುದು, ಸ್ನಾಯು ನೋವಿನೊಡನೆ ಮೂತ್ರ ಕಪ್ಪಾಗುವುದು, ಬೆನ್ನುನೋವಿನೊಡನೆ ಎರಡೂ ಕಾಲು ಬಲಗುಂದಿ ಮಲಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗುವವರೆಗೆ ಕಾಯಬಾರದು. ಕೀಮೋ ದಿನಗಳಲ್ಲಿ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಹಾಗೆಯೇ. ಆಸ್ಪತ್ರೆಯ ದೂರವಾಣಿ ಸಂಖ್ಯೆ, 108ರ ಆಂಬುಲೆನ್ಸ್ ಸಂಖ್ಯೆ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿರಲಿ. ದೂರದ ಆಸ್ಪತ್ರೆಗೆ ಪದೇಪದೇ ಹೋಗಲಾಗದವರಿಗೆ ಕೇರಳದಲ್ಲಿ ಇನ್ನೊಂದು ಆಸರೆಯಿದೆ. ಇಲ್ಲಿ 2008ರಲ್ಲಿಯೇ ಸರಕಾರ ಉಪಶಮನ ಚಿಕಿತ್ಸೆಯ ನೀತಿ ರೂಪಿಸಿದ್ದು, ಪಂಚಾಯತುಗಳ ಪಾಲಿಯೇಟಿವ್ ದಾದಿಯರು ಮನೆಗೇ ಬಂದು ನೋಡುತ್ತಾರೆ. ಉಪಶಮನವೆಂದರೆ ಕೊನೆಗಾಲದ ಚಿಕಿತ್ಸೆಯೆಂಬ ತಪ್ಪು ತಿಳಿವಳಿಕೆಯಿಂದ ಅವರನ್ನು ಕರೆಯಲು ಹಿಂಜರಿಯಬೇಕಾಗಿಲ್ಲ. ರೋಗ ಗುಣವಾಗಲೆಂದು ಚಿಕಿತ್ಸೆ ನಡೆಯುತ್ತಿರುವಾಗಲೂ ನೋವು ತಗ್ಗಿಸುವುದು ಅವರ ಕೆಲಸವೇ ಆಗಿದೆ.

ಕುಂಬಳೆಯ ಆ ತಾಯಿ ಮೂರನೆಯ ಸುತ್ತಿಗೆ ಹೋದಾಗ ಮಗಳೂ ಜೊತೆಗಿದ್ದಳು. ಆಕೆ ನೋಟುಪುಸ್ತಕ ತೆರೆದು ಒಂದೊಂದೇ ಸಾಲನ್ನು ಮಲಯಾಳದಲ್ಲಿ ಹೇಳಿದಳು. ಭೇದಿಯ ಲೆಕ್ಕ ಕೇಳಿದೊಡನೆ ವೈದ್ಯರು ರಕ್ತಪರೀಕ್ಷೆಗೆ ಬರೆದರು. ಮೆಗ್ನೀಸಿಯಂ ಕಡಿಮೆಯಿತ್ತು, ತುಂಬಿಸಿದರು. ಎರಡು ಗಂಟೆಯಲ್ಲಿ ಹರಿಸುತ್ತಿದ್ದ ಆಕ್ಸಾಲಿಪ್ಲಾಟಿನ್ ಅನ್ನು ಆರು ಗಂಟೆಗೆ ಹಿಗ್ಗಿಸಿದರು. ರಾತ್ರಿಯ ಸೆಳೆತ ಬಹುಮಟ್ಟಿಗೆ ಇಳಿಯಿತು. ಮುಂದೆ ಬೆರಳ ತುದಿ ಮರಗಟ್ಟತೊಡಗಿದಾಗ ಪ್ರಮಾಣ ತಗ್ಗಿಸಿದರು. ಕೊನೆಯ ಸುತ್ತುಗಳಲ್ಲಿ ಆ ಒಂದು ಔಷಧವನ್ನು ಬಿಟ್ಟು ಉಳಿದುದನ್ನು ಪೂರೈಸಿದರು. ತಾಯಿ ಅಂಜಿದಂತೆ ಚಿಕಿತ್ಸೆ ನಿಲ್ಲಲಿಲ್ಲ.

ಬೆರಳು ಪೂರ್ತಿ ಮೊದಲಿನಂತಾಗಿದೆ ಎನ್ನುವಂತಿಲ್ಲ. ಎಲೆ ಕತ್ತರಿಸುವ ಕೆಲಸವನ್ನು ಈಗ ನೆರೆಮನೆಯವರು ಮಾಡಿಕೊಡುತ್ತಾರೆ. ಎಲೆಯನ್ನು ನೆರಳಿನಲ್ಲಿ ಸ್ವಲ್ಪ ಹೊತ್ತು ಆರಿಸಿ, ಬೆಚ್ಚಗಾದ ಮೇಲೆ ತಾಯಿ ಕಟ್ಟುತ್ತಾರೆ. ಮೊದಲು ಕಟ್ಟುತ್ತಿದ್ದುದರ ಅರ್ಧದಷ್ಟಾದರೂ ಆಗುತ್ತದೆ. ನೋಟುಪುಸ್ತಕದಲ್ಲಿ ‘ನೂಲು ಸುತ್ತಿದ್ದು’ ಎಂಬ ಸಾಲಿನೆದುರು ಮಗಳು ಈಗಲೂ ಪ್ರತಿ ಭಾನುವಾರ ಒಂದು ಸಂಖ್ಯೆ ಬರೆಯುತ್ತಾಳೆ. ಆ ಸಂಖ್ಯೆ ನಿಧಾನವಾಗಿ ಏರುತ್ತಿದೆ.